ಬಾಲ ಕತ್ತರಿಸದ ಪ್ರೋಟೀನು

ಪ್ರೋಟೀನಿನ ಪರಮಾಣುಗಳು ಹೇಗೆ ಅಲುಗಾಡುತ್ತವೆ ಅಂತ ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಸಿಮ್ಯುಲೇಷನ್ ಕೆಲಸಕ್ಕೆ, ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಅಂತ ಜರ್ಮನಿಗೆ ಬರುವ ನಮ್ಮ ಹುಡುಗರು ಮೊದಲು ಕೇಳುವುದು, ‘ಅಲ್ಲಿ ಜಿಪಿಯು ಎಷ್ಟಿದೆ?’ ಅಂತ. ಜಿಪಿಯು, ಅಂದರೆ ಈ ಲೆಕ್ಕ ಓಡಿಸುವ ವೇಗದ ಚಿಪ್, ಇದೆ, ಅದಕ್ಕೆ ಸರದಿಯೂ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲೂ 2022ರಿಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಇದೆಯಲ್ಲ. ನನಗೆ ಕಾಣುವ ವ್ಯತ್ಯಾಸ ಇರುವುದು ಕೆಲಸವನ್ನು ಯಂತ್ರಕ್ಕೆ ಹಾಕುವ ಮುಂಚಿನ ವಾರದಲ್ಲಿ.

ಪ್ರೋಟೀನಿನ ಆಕಾರ ಊಹಿಸುವ ಎಐ ಆಲ್ಫಾಫೋಲ್ಡ್ ಕೊಟ್ಟ ರೂಪವನ್ನೇ ತೆಗೆದುಕೊಳ್ಳಿ. ಪ್ರತಿ ಅಮೈನೊ ಆಮ್ಲಕ್ಕೂ ಅದು ನೂರಕ್ಕೆ ಇಷ್ಟು ಅಂತ ಭರವಸೆಯ ಅಂಕ ಕೊಡುತ್ತದೆ. ಐವತ್ತಕ್ಕಿಂತ ಕೆಳಗಿನ ಭಾಗ ಸಾಮಾನ್ಯವಾಗಿ ಶಾವಿಗೆಯ ಎಳೆಯ ಹಾಗೆ, ಬಾಲದಂತೆ ಹೊರಗೆ ಚಾಚಿಕೊಂಡಿರುತ್ತದೆ. ಸಿಮ್ಯುಲೇಷನ್ನಿಗೆ ಪ್ರೋಟೀನನ್ನು ನೀರು ತುಂಬಿದ ಪೆಟ್ಟಿಗೆಯಲ್ಲಿ ಇಡುತ್ತೇವೆ. 6 ನ್ಯಾನೋಮೀಟರ್ ಅಗಲದ ಪ್ರೋಟೀನಿಗೆ ಸುತ್ತ 1 ನ್ಯಾನೋಮೀಟರ್ ಜಾಗ ಬಿಟ್ಟರೆ 8ರ ಪೆಟ್ಟಿಗೆ, ಪ್ರೋಟೀನಿನ ಜಾಗ ಕಳೆಯದೆ ಲೆಕ್ಕ ಹಾಕಿದರೆ ಸುಮಾರು 17,000 ನೀರಿನ ಅಣು. ಆ ಬಾಲವನ್ನು ಕತ್ತರಿಸದೆ ಬಿಟ್ಟರೆ ಪೆಟ್ಟಿಗೆ 16 ಆಗಬಹುದು. ಆಗ ಅದೇ ಲೆಕ್ಕದಲ್ಲಿ ನೀರು ಎಂಟು ಪಟ್ಟು! ಒಂದು ಮೈಕ್ರೋಸೆಕೆಂಡಿಗೆ, ಹೆಜ್ಜೆಗೆ 2 ಫೆಮ್ಟೋಸೆಕೆಂಡಿನ ಲೆಕ್ಕದಲ್ಲಿ, 50 ಕೋಟಿ ಹೆಜ್ಜೆ. ಅಷ್ಟೂ ಹೊತ್ತು ಜಿಪಿಯು ನೀರು ಕಲಕುತ್ತಿರುತ್ತದೆ. ಹಾಗಂತ ಕಣ್ಣುಮುಚ್ಚಿ ಕತ್ತರಿಸುವಂತೆಯೂ ಇಲ್ಲ. ಕೆಲವು ಬಾಲಗಳು ಜೊತೆಗಾರ ಪ್ರೋಟೀನು ಸಿಕ್ಕಾಗ ಮಡಚಿಕೊಳ್ಳುತ್ತವೆ.

ಇನ್ನು ಹಿಸ್ಟಿಡೀನು ಅನ್ನುವ ಅಮೈನೊ ಆಮ್ಲ. ಅದರ ಉಂಗುರದಲ್ಲಿ ಎರಡು ನೈಟ್ರೋಜನ್. ಹೈಡ್ರೋಜನ್ ಯಾವುದರ ಮೇಲೆ, ಅಥವಾ ಎರಡರ ಮೇಲೂ ಇದೆಯೋ, ಇದನ್ನು ತೀರ್ಮಾನಿಸಬೇಕಾದವರು ನಾವು. ಲಿಗ್ಯಾಂಡ್ (ಪ್ರೋಟೀನಿಗೆ ಅಂಟಿಕೊಳ್ಳುವ ಅಣು) ಕೂರುವ ಜಾಗದಲ್ಲಿ ಇದು ತಪ್ಪಿದರೆ ಹೈಡ್ರೋಜನ್ ಬಂಧ ಸಿಗದೆ ಲಿಗ್ಯಾಂಡ್ ಎದ್ದು ಹೋಗಬಹುದು. ಆಮೇಲೆ ‘ಬಂಧ ದುರ್ಬಲ’ ಅಂತ ಬರೆದುಕೊಳ್ಳುತ್ತೇವೆ.

ಎಐ ಭಾಗದಲ್ಲಿ, ಅಂದರೆ ಈ ಸಿಮ್ಯುಲೇಷನ್ನಿನಿಂದ ಮಾದರಿಗೆ ಕಲಿಸುವಲ್ಲಿ, ಇದಕ್ಕಿಂತ ದೊಡ್ಡ ಮೋಸ ನಡೆಯುತ್ತದೆ, ಅದೂ ಗೊತ್ತಿಲ್ಲದೆ. 10 ಪಿಕೋಸೆಕೆಂಡಿಗೊಂದು ಫ್ರೇಮ್ (ಆ ಕ್ಷಣದ ಚಿತ್ರ) ಉಳಿಸಿದರೆ ಒಂದು ಮೈಕ್ರೋಸೆಕೆಂಡಿಗೆ ಒಂದು ಲಕ್ಷ ಫ್ರೇಮ್. ಅವನ್ನು ಇಸ್ಪೀಟಿನ ಹಾಗೆ ಕಲೆಸಿ 80 ಭಾಗ ಕಲಿಕೆಗೆ, 20 ಭಾಗ ಪರೀಕ್ಷೆಗೆ ಅಂತ ಹಂಚಿದರೆ, ಪರೀಕ್ಷೆಯ ಪ್ರತಿ ಫ್ರೇಮಿಗೂ ಹೆಚ್ಚುಕಡಿಮೆ ಅದೇ ಮುಖದ ಅಣ್ಣನೋ ತಮ್ಮನೋ ಕಲಿಕೆಯ ಕಟ್ಟಿನಲ್ಲಿರುತ್ತಾನೆ. ಅಂಕ ಅದ್ಭುತ, ಹೊಸ ಪ್ರೋಟೀನು ಕೊಟ್ಟ ದಿನ ಮಾದರಿ ಮಕಾಡೆ. ಪರಮಾಣುಗಳಿಗೆ ಬೇರೆ ಬೇರೆ ಆರಂಭವೇಗ ಕೊಟ್ಟು ಸಿಮ್ಯುಲೇಷನ್ನಿನ ಮೂರೋ ಐದೋ ಓಟ ಓಡಿಸಿ, ಇಡೀ ಓಟವನ್ನೇ ಪರೀಕ್ಷೆಗೆ ಬದಿಗಿಡಬೇಕು. ಹೊಸ ಪ್ರೋಟೀನಿಗೂ ನಡೆಯುತ್ತದೆ ಅನ್ನುವುದಾದರೆ ಪ್ರೋಟೀನು ಕುಟುಂಬವನ್ನೇ ಬದಿಗಿಡಬೇಕು.

ಇದು ಬೆಂಗಳೂರಿನವರಿಗೆ ಗೊತ್ತಿಲ್ಲದ್ದೇನಲ್ಲ. ಪ್ರೋಟೀನು ರಚನೆಯ ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಐಐಎಸ್‌ಸಿಯಲ್ಲಿ ಕಟ್ಟಿದ ವಿಭಾಗ ಇರುವ ಊರಿಗೆ ಪ್ರೋಟೀನಿನ ಪಾಠ ಹೇಳುವ ಧೈರ್ಯ ನನಗಿಲ್ಲ. ಆದರೆ ಜರ್ಮನಿಯ ಎಷ್ಟೋ ಸಂಸ್ಥೆಗಳಲ್ಲಿ ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್ ಅಂತಲೇ ಹುದ್ದೆ ಇದೆ. ಫ್ರೇಮ್ ಹೇಗೆ ಹಂಚಿದಿರಿ ಅಂತ ಕೇಳುವ ಎರಡನೇ ಕಣ್ಣು ಅದು. ನಮ್ಮ ದೇಶದಲ್ಲಿ ಕೋಡು, ಸಿಮ್ಯುಲೇಷನ್, ಪೇಪರು ಮೂರೂ ಎರಡು ವರ್ಷದ ಫೆಲೋಶಿಪ್ಪಿನ ಒಬ್ಬನ ತಲೆಮೇಲೆ. ಅವನು ಐದು ಓಟ ಬಿಟ್ಟು ಒಂದೇ ಒಂದು ಉದ್ದನೆಯ ಓಟ ಓಡಿಸಿದರೆ ಬೈಯುವುದು ಹೇಗೆ?

ಜರ್ಮನಿಯೂ ಸ್ವರ್ಗವಲ್ಲ ಬಿಡಿ. ಪಿಎಚ್‌ಡಿ ನಂತರ ತಾತ್ಕಾಲಿಕ ಕೆಲಸಕ್ಕೆ ಸಾಮಾನ್ಯವಾಗಿ ಆರು ವರ್ಷದ ಕಾನೂನು ಮಿತಿ. ಮತ್ತೆ, ಮಾದರಿ ಸೂಚಿಸಿದ ಮ್ಯುಟೇಷನ್ (ಅಮೈನೊ ಆಮ್ಲದ ಬದಲಾವಣೆ) ಸರಿಯೋ ಅಂತ ಪಕ್ಕದ ಲ್ಯಾಬಿಗೆ ಹೋಗಿ ಕೇಳುವ ಅನುಕೂಲ ಇಲ್ಲಿನ ಎಲ್ಲ ಗುಂಪಿಗೂ ಇಲ್ಲ. ಐಐಎಸ್‌ಸಿಯ ಆ ವಿಭಾಗದಲ್ಲಿ ಅದು ಒಂದೇ ಸೂರಿನಡಿ ಇದೆ.