ಕೊಂಡಿ ಸುತ್ತಿನಲ್ಲಿ ರವಿಶಂಕರ್

ರಸಪ್ರಶ್ನೆ ಸ್ಪರ್ಧೆಗಳಲ್ಲಿ ‘ಕೊಂಡಿ ಹುಡುಕಿ’ ಎಂಬ ಸುತ್ತು ಪ್ರೇಕ್ಷಕರಿಗೂ ಸ್ಪರ್ಧಿಗಳಿಗೂ ಅಚ್ಚುಮೆಚ್ಚು. ತೆರೆಯ ಮೇಲೆ ಒಂದರ ಹಿಂದೊಂದು ಭಾವಚಿತ್ರಗಳು ಮೂಡುತ್ತವೆ, ಅವರೆಲ್ಲರನ್ನೂ ಬೆಸೆಯುವ ವ್ಯಕ್ತಿ ಯಾರೆಂದು ಮೊದಲು ಹೇಳಿದ ತಂಡಕ್ಕೆ ಅಂಕ. ಪ್ರಶ್ನೆ ಹೆಣೆಯುವವರಿಗೆ ಈ ಸುತ್ತಿನಲ್ಲಿ ಪಂಡಿತ್ ರವಿಶಂಕರ್ ಅವರಷ್ಟು ಒದಗಿಬರುವ ಸಂಗೀತಗಾರ ಇನ್ನೊಬ್ಬರಿಲ್ಲ. ನರ್ತಕರು, ಚಿತ್ರ ನಿರ್ದೇಶಕರು, ಪಾಪ್ ತಾರೆಯರು, ಸಂಸದರು ಹೀಗೆ ಯಾವ ದಿಕ್ಕಿನಿಂದ ಹೊರಟರೂ ಒಂದೆರಡು ಹೆಜ್ಜೆಯಲ್ಲಿ ಅವರ ಸಿತಾರಿನ ಬಳಿಗೆ ಬಂದು ನಿಲ್ಲಬಹುದು. ಇಷ್ಟು ಸಮೃದ್ಧವಾದ ಬದುಕನ್ನು ಎದುರಿಗಿಟ್ಟುಕೊಂಡೂ ನಾವು ಕೇಳುವ ಪ್ರಶ್ನೆಗಳು ಬಹುಪಾಲು ಬಡವಾಗಿವೆ ಎಂಬುದೇ ನನ್ನ ತಕರಾರು.

ಮಾದರಿಗೆ, ಅಮರ್ತ್ಯ ಸೇನ್ ಅವರಿಗೂ ರವಿಶಂಕರ್ ಅವರಿಗೂ ಏನು ನಂಟು ಎಂದು ಕೇಳಲಾಗುತ್ತದೆ. ಇಬ್ಬರಿಗೂ 1999ರಲ್ಲಿ ಭಾರತರತ್ನ ಸಂದಿತು ಎಂಬುದು ಉತ್ತರ. ಆರ್.ಕೆ. ನಾರಾಯಣ್ ಮತ್ತು ಎಂ.ಎಫ್. ಹುಸೇನ್ ಅವರ ಚಿತ್ರ ತೋರಿಸಿದರೆ, 1986ರಲ್ಲಿ ಈ ಮೂವರೂ ರಾಜ್ಯಸಭೆಗೆ ನಾಮಕರಣಗೊಂಡರು ಎನ್ನಬೇಕು. ಇವು ಸುಳ್ಳಲ್ಲ, ಆದರೆ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗಷ್ಟೇ ದಕ್ಕುವಂಥವು. ಉತ್ತರ ತಿಳಿದ ಮೇಲೂ ಆ ಕಾದಂಬರಿಕಾರರ ಬಗ್ಗೆಯಾಗಲಿ ಸಿತಾರ್ ವಾದಕರ ಬಗ್ಗೆಯಾಗಲಿ ಹೊಸದೇನೂ ತಿಳಿಯುವುದಿಲ್ಲ. ಇನ್ನು ಅದೇ ಹೆಸರಿನ ಆಧ್ಯಾತ್ಮಿಕ ಗುರುಗಳನ್ನು ಎಳೆತಂದು ಕೇಳುವ ಪ್ರಶ್ನೆಗಳ ವಿಷಯವನ್ನು ಬಿಟ್ಟುಬಿಡುವುದೇ ಮೇಲು.

ಒಳ್ಳೆಯ ಕೊಂಡಿ ಎಂದರೆ, ಅದು ಬಿಚ್ಚಿಕೊಂಡ ಮೇಲೆ ಇಬ್ಬರಲ್ಲಿ ಒಬ್ಬರನ್ನಾದರೂ ನಾವು ಬೇರೆ ಕಣ್ಣಿನಿಂದ ನೋಡುವಂತಿರಬೇಕು. ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರನ್ನೇ ತೆಗೆದುಕೊಳ್ಳಿ. 1952ರಲ್ಲಿ ಅವರು ಭಾರತಕ್ಕೆ ಬಂದಾಗ ರವಿಶಂಕರ್ ಅವರ ವಾದನವನ್ನು ಕೇಳಿ ಮಾರುಹೋದರು. ಅದೇ ಪ್ರವಾಸದಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನೂ ಭೇಟಿಯಾದರು. ಮುಂದೆ ಅವರು ಅಯ್ಯಂಗಾರ್ ಅವರಿಗೆ ಕೊಟ್ಟ ಕೈಗಡಿಯಾರದ ಮೇಲೆ ‘ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ’ ಎಂಬ ಅರ್ಥದ ಸಾಲನ್ನು ಕೆತ್ತಿಸಿದ್ದರು. ಸಿತಾರ್ ಮತ್ತು ಯೋಗಾಸನ ಎರಡಕ್ಕೂ ಪಶ್ಚಿಮದ ಬಾಗಿಲು ತೆರೆಯುವುದರಲ್ಲಿ ಒಬ್ಬನೇ ಪಿಟೀಲು ವಾದಕನ ಕೈ ಇತ್ತು ಎಂದು ತಿಳಿದಾಗ ಸಭೆಯಲ್ಲಿ ಏಳುವ ಉದ್ಗಾರ, ಪ್ರಶಸ್ತಿ ಪಟ್ಟಿಯ ಪ್ರಶ್ನೆಗೆ ಎಂದೂ ಏಳುವುದಿಲ್ಲ.

ಇದಕ್ಕಿಂತಲೂ ನನಗೆ ಪ್ರಿಯವಾದದ್ದು ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್ ಅವರ ಕೊಂಡಿ. 1960ರ ದಶಕದ ನಡುವಿನಲ್ಲಿ, ಪ್ಯಾರಿಸ್ಸಿನಲ್ಲಿ ರವಿಶಂಕರ್ ಒಂದು ಚಿತ್ರಕ್ಕೆ ಸಂಗೀತ ಕೂರಿಸುತ್ತಿದ್ದಾಗ, ಅದನ್ನು ಪಾಶ್ಚಾತ್ಯ ವಾದಕರಿಗಾಗಿ ಸ್ವರಲಿಪಿಗೆ ಇಳಿಸುವ ಕೆಲಸ ಯುವಕ ಗ್ಲಾಸ್ ಅವರ ಪಾಲಿಗೆ ಬಂತು. ಪಾಶ್ಚಾತ್ಯ ಪದ್ಧತಿಯಂತೆ ಅವರು ಗೆರೆ ಎಳೆದು ಸ್ವರಗಳನ್ನು ವಿಭಾಗಿಸಿದರೆ ಒತ್ತು ಬೀಳಬಾರದ ಕಡೆ ಬೀಳುತ್ತಿತ್ತು. ತಬಲಾ ವಾದಕ ಅಲ್ಲಾ ರಖಾ, ಎಲ್ಲ ಸ್ವರಗಳೂ ಸಮ ಎಂದು ಮತ್ತೆ ಮತ್ತೆ ತಿದ್ದುತ್ತಿದ್ದರು. ಕೊನೆಗೆ ಬೇಸತ್ತು ಗೆರೆಗಳನ್ನೆಲ್ಲ ಅಳಿಸಿಹಾಕಿದಾಗಲೇ ತಾಳದ ಆವರ್ತನ ಕಣ್ಣಿಗೆ ಕಂಡಿತೆಂದು ಗ್ಲಾಸ್ ಸ್ವತಃ ಹೇಳಿಕೊಂಡಿದ್ದಾರೆ. ಅವರ ಮುಂದಿನ ಸಂಗೀತದ ಲಯದ ಬೇರು ಅಲ್ಲಿದೆ. ಇದೇ ಗ್ಲಾಸ್ ದಕ್ಷಿಣ ಆಫ್ರಿಕದ ದಿನಗಳ ಗಾಂಧೀಜಿಯನ್ನು ಕುರಿತು ರಚಿಸಿದ ಒಪೆರಾ 1980ರಲ್ಲಿ ರಂಗಕ್ಕೆ ಬಂತು. 1982ರಲ್ಲಿ ರಿಚರ್ಡ್ ಅಟೆನ್‌ಬರೊ ಅವರ ಗಾಂಧಿ ಚಿತ್ರಕ್ಕೆ ಜಾರ್ಜ್ ಫೆಂಟನ್ ಅವರೊಡನೆ ಸಂಗೀತ ನೀಡಿದವರು ರವಿಶಂಕರ್. ಗಾಂಧೀಜಿಯವರ ಒಂದೇ ಭಾವಚಿತ್ರದಿಂದ ಇಷ್ಟನ್ನೂ ಕೇಳಬಹುದು.

ಹೆಸರಿನ ಕೊಂಡಿಗಳೆಲ್ಲ ಟೊಳ್ಳು ಎಂದು ನಾನು ಹೇಳುತ್ತಿಲ್ಲ. ಜಾಝ್ ದಿಗ್ಗಜ ಜಾನ್ ಕೋಲ್ಟ್ರೇನ್ 1965ರಲ್ಲಿ ಹುಟ್ಟಿದ ತಮ್ಮ ಮಗನಿಗೆ ರವಿ ಎಂದು ಹೆಸರಿಟ್ಟದ್ದು ಸಿತಾರ್ ವಾದಕರ ಮೇಲಿನ ಗೌರವದಿಂದ. ಆ ರವಿ ಕೋಲ್ಟ್ರೇನ್ ಕೂಡ ಸ್ಯಾಕ್ಸೊಫೋನ್ ವಾದಕರಾದರು. ಇಲ್ಲಿ ಹೆಸರು ಕಾಕತಾಳೀಯವಲ್ಲ, ಒಬ್ಬ ಕಲಾವಿದ ಇನ್ನೊಬ್ಬನಿಗೆ ಸಲ್ಲಿಸಿದ ಕಾಣಿಕೆ. ಚಿತ್ರಗಳನ್ನು ಜೋಡಿಸುವ ಕ್ರಮದ ಬಗ್ಗೆಯೂ ಒಂದು ಮಾತು: ಗಾಯಕಿ ನೋರಾ ಜೋನ್ಸ್ ಅಥವಾ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ಚಿತ್ರವನ್ನು ಮೊದಲೇ ತೋರಿಸಿದರೆ ಎಲ್ಲ ತಂಡಗಳೂ ಒಟ್ಟಿಗೆ ಬಜರ್ ಒತ್ತುತ್ತವೆ, ಸುತ್ತು ಅಲ್ಲಿಗೇ ಮುಗಿಯುತ್ತದೆ. ಮಗಳೂ ಬೀಟಲ್ ಶಿಷ್ಯನೂ ಕೊನೆಗೆ ಬರಲಿ, ಕೋಲ್ಟ್ರೇನ್ ಮೊದಲು ಬರಲಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಅನ್ನಪೂರ್ಣಾದೇವಿಯವರನ್ನು ಈ ಸುತ್ತಿನಲ್ಲಿ ಬಳಸಿಕೊಳ್ಳುವ ರೀತಿಗೆ. ರವಿಶಂಕರ್ ಅವರ ಗುರು ಅಲ್ಲಾವುದ್ದೀನ್ ಖಾನರ ಮಗಳು, ಸರೋದ್ ವಾದಕ ಅಲಿ ಅಕ್ಬರ್ ಖಾನರ ತಂಗಿ, ರವಿಶಂಕರ್ ಅವರ ಮೊದಲ ಪತ್ನಿ ಎಂಬ ಮೂರು ಸುಳಿವುಗಳು ತಪ್ಪದೆ ಬರುತ್ತವೆ, ಅವರು ನುಡಿಸುತ್ತಿದ್ದ, ಸಿತಾರಿಗಿಂತ ದೊಡ್ಡದಾದ ತಂತಿವಾದ್ಯ ಸುರ್‌ಬಹಾರ್ ಮಾತ್ರ ಬರುವುದೇ ಇಲ್ಲ. ವೇದಿಕೆಯಿಂದ ದೂರ ಉಳಿದು, ಮುಂಬೈಯ ಮನೆಯೊಳಗೇ ಕುಳಿತು ಹರಿಪ್ರಸಾದ್ ಚೌರಾಸಿಯಾ ಅವರಂಥ ಕೊಳಲು ವಾದಕರನ್ನು ತಿದ್ದಿ ತೀಡಿದ ಗುರು ಅವರು. ಅವರನ್ನು ಉತ್ತರವಾಗಿಟ್ಟು ಚೌರಾಸಿಯಾ, ಅವರಲ್ಲಿ ಕಲಿತ ಸಿತಾರ್ ವಾದಕ ನಿಖಿಲ್ ಬ್ಯಾನರ್ಜಿ, ರವಿಶಂಕರ್ ಮೂವರನ್ನೂ ಸುಳಿವುಗಳಾಗಿ ಕೊಟ್ಟರೆ ನಂಟು ಸರಿಯಾದ ದಿಕ್ಕಿಗೆ ತಿರುಗುತ್ತದೆ.

ಕನ್ನಡದ ಸ್ಪರ್ಧೆಗಳಲ್ಲಿ ಕೇಳಲೇಬೇಕಾದ, ಆದರೆ ಕೇಳದೆ ಉಳಿದಿರುವ ಕೊಂಡಿ ರಾಜೀವ ತಾರಾನಾಥರದ್ದು. ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಈ ಸರೋದ್ ವಾದಕರು ಅಲಿ ಅಕ್ಬರ್ ಖಾನರ ಶಿಷ್ಯರು, ರವಿಶಂಕರ್ ಮತ್ತು ಅನ್ನಪೂರ್ಣಾದೇವಿಯವರ ಮಾರ್ಗದರ್ಶನವನ್ನೂ ಪಡೆದವರು. 1970ರ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ಅವರದು. ಕಾದಂಬರಿ ಅನಂತಮೂರ್ತಿಯವರದು, ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್. ಅತ್ತ 1955ರಲ್ಲಿ ಸತ್ಯಜಿತ್ ರಾಯ್ ಅವರ ಮೊದಲ ಚಿತ್ರಕ್ಕೆ ಸಂಗೀತ ಕೊಟ್ಟವರು ರವಿಶಂಕರ್. ಎರಡು ಭಾಷೆಗಳ ಹೊಸ ಅಲೆಯ ಚಿತ್ರಗಳಿಗೂ ನಾದ ಹರಿದದ್ದು ಅಲ್ಲಾವುದ್ದೀನ್ ಖಾನರ ಮೈಹರ್ ಘರಾನೆ ಎಂಬ ಸಂಗೀತ ಪರಂಪರೆಯಿಂದಲೇ. ಲಂಕೇಶರಿಂದ ರವಿಶಂಕರ್ ಅವರಿಗೆ ದಾರಿ ತೋರಿಸಿ ಎಂದು ಕೇಳಿದರೆ ಎಷ್ಟು ತಂಡಗಳು ಬಜರ್ ಮುಟ್ಟುತ್ತವೆಯೋ ನೋಡಬೇಕು.

ಸ್ಪರ್ಧೆಯೆಂದರೆ ವೇಗ, ವಿವರಣೆಗೆಲ್ಲ ಸಮಯವೆಲ್ಲಿ ಎಂದು ಆಯೋಜಕ ಮಿತ್ರರು ಆಕ್ಷೇಪಿಸುತ್ತಾರೆ. ಅವರಿಗೆ ನನ್ನ ಸಲಹೆ ಸರಳವಾಗಿದೆ. ಈ ಸುತ್ತಿನ ಹತ್ತು ಅಂಕಗಳಲ್ಲಿ ಹೆಸರು ಹೇಳಿದ್ದಕ್ಕೆ ನಾಲ್ಕನ್ನಷ್ಟೇ ಕೊಡಿ, ಉಳಿದ ಆರನ್ನು ನಂಟು ಏನೆಂದು ಒಂದೇ ವಾಕ್ಯದಲ್ಲಿ ಹೇಳಿದವರಿಗೆ ಮೀಸಲಿಡಿ. ಹೆಸರು ಹೇಳಿದ ತಂಡಕ್ಕೆ ನಂಟು ಗೊತ್ತಿಲ್ಲದಿದ್ದರೆ ಆ ಆರು ಅಂಕಗಳು ಮುಂದಿನ ತಂಡಕ್ಕೆ ಪಾಸ್ ಆಗಲಿ.