ಘಾಟಿಯ ಕಲ್ಲಿಗೊಂದು ಸರ್ಕಾರಿ ನೌಕರಿ

ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ, ಮದೆನಾಡು ದಾಟಿದ ಮೇಲೆ ಸಿಗುವ ಒಂದು ತಿರುವಿನಲ್ಲಿ ಕಲ್ಲೊಂದಿತ್ತು. ತೆಂಗಿನಕಾಯಿಗಿಂತ ದೊಡ್ಡದು, ರುಬ್ಬುವ ಕಲ್ಲಿಗಿಂತ ಚಿಕ್ಕದು. ಒಂದು ಮಗ್ಗುಲಿಗೆ ಟಯರಿನ ಕಪ್ಪು, ಇನ್ನೊಂದು ಮಗ್ಗುಲಿಗೆ ಗ್ರೀಸು. ಪಕ್ಕದಲ್ಲಿ ಒಣಗಿ ಹಪ್ಪಳವಾದ ಸಿಲ್ವರ್ ಓಕ್ ಕೊಂಬೆ. ಲಾರಿ ಮಾತ್ರ ಇರಲಿಲ್ಲ. ಅದು ರಿಪೇರಿಯಾಗಿ ಹೋಗಿ ಮೂರು ವಾರ ಆಗಿತ್ತು. ಕಲ್ಲು ಇನ್ನೂ ಡ್ಯೂಟಿಯಲ್ಲಿತ್ತು.

ಬೆಂಗಳೂರಿನಿಂದ ಬಂಟ್ವಾಳದವರೆಗೆ ಹೋಗುವ ಈ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಇಷ್ಟು ನಿಯತ್ತಿನಿಂದ ಕೆಲಸ ಮಾಡುವವರನ್ನು ನಾನು ಬೇರೆ ಕಂಡಿಲ್ಲ. ಮಳೆ ಸುರಿಯಲಿ, ಮಂಜು ಮುಸುಕಲಿ, ಕಲ್ಲು ಜಾಗ ಬಿಡುವುದಿಲ್ಲ. ಟಿಎ ಡಿಎ ಕೇಳುವುದಿಲ್ಲ. ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ’ ಅನ್ನುವುದಿಲ್ಲ. ಆದ್ದರಿಂದ ಅದನ್ನು ಕೂಡಲೇ ಕಾಯಂ ಮಾಡಬೇಕೆಂದು ಈ ಮೂಲಕ ಒತ್ತಾಯಿಸುತ್ತಿದ್ದೇನೆ. ಹುದ್ದೆ: ಸಹಾಯಕ ಸಂಚಾರ ನಿಯಂತ್ರಕ, ಗ್ರೇಡ್ ಎರಡು. ಕೊಂಬೆಯನ್ನು ಹೊರಗುತ್ತಿಗೆಯಲ್ಲೇ ಇಟ್ಟುಕೊಳ್ಳಬಹುದು. ಹೇಗೂ ನಾಲ್ಕು ದಿನಕ್ಕೆ ಒಣಗುತ್ತದೆ, ಇನ್ನೊಂದನ್ನು ಮುರಿದು ಹಾಕಿದರಾಯಿತು.

ಕಲ್ಲಿನ ನೇಮಕಾತಿ ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಲೋಡಾದ ಲಾರಿ ಏರಿನಲ್ಲಿ ಆಕ್ಸಲ್ ಕಟ್ಟಾಗಿ ನಿಲ್ಲುತ್ತದೆ. ಮೊದಲ ಕಲ್ಲು ಹಿಂದಿನ ಚಕ್ರಕ್ಕೆ, ಜಾರದಂತೆ. ಉಳಿದವು ಹತ್ತು ಮಾರು ಹಿಂದೆ, ರಸ್ತೆಯ ಮೇಲೆ ಸಾಲಾಗಿ, ಬರುವವರಿಗೆ ಎಚ್ಚರಿಕೆ. ಅದಕ್ಕೆ ಮಿನುಗುವ ಕೆಂಪು ತ್ರಿಕೋನ ಅಂತ ಒಂದಿದೆಯಲ್ಲ ಅಂತೀರಾ? ಇದೆ. ಎಫ್‌ಸಿ ದಿನ, ಅಂದರೆ ಗಾಡಿಯ ಫಿಟ್‌ನೆಸ್ ತಪಾಸಣೆಯ ದಿನ, ಇನ್ಸ್‌ಪೆಕ್ಟರಿಗೆ ದರ್ಶನ ಕೊಟ್ಟು, ಪ್ಲಾಸ್ಟಿಕ್ ಕವರಿನ ಸಮೇತ ಮತ್ತೆ ಸೀಟಿನ ಹಿಂದೆ ಮಲಗುತ್ತದೆ. ರಸ್ತೆಯಲ್ಲಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ, ಇಲ್ಲ ಯಾರಾದರೂ ಅದರ ಮೇಲೇ ಹತ್ತಿಸಿ ಹೋಗುತ್ತಾರೆ. ಕಲ್ಲನ್ನು ಯಾರೂ ಕದಿಯುವುದಿಲ್ಲ. ಒಂದು ಸಲ ಹತ್ತಿಸಿದವರು ಎರಡನೇ ಸಲ ಹತ್ತಿಸುವುದೂ ಇಲ್ಲ.

ಮೊದಲೆಲ್ಲ ಕಲ್ಲಿಗೂ ಒಬ್ಬ ಮೇಲಧಿಕಾರಿ ಇದ್ದ. ಅವನೇ ಕ್ಲೀನರ್. ಗಾಡಿ ಹಿಂದಕ್ಕೆ ಜಾರುವ ಮೊದಲೇ ಡ್ರೈವರು ‘ಕಲ್ಲು ಕೊಡೋ’ ಅಂತ ಕೂಗುತ್ತಿದ್ದರು, ಹುಡುಗ ಎಡಗಡೆಯಿಂದ ಹಾರಿ ಚಕ್ರಕ್ಕೆ ಕೊಡುತ್ತಿದ್ದ. ಗಾಡಿ ಹೊರಡುವಾಗ ತೆಗೆದು ಚರಂಡಿ ಕಡೆ ಎಸೆಯುತ್ತಿದ್ದವನೂ ಅವನೇ. ಈಗ ಖರ್ಚು ಉಳಿಸಲು ಎಷ್ಟೋ ಗಾಡಿಗಳಲ್ಲಿ ಕ್ಲೀನರೇ ಇಲ್ಲ. ಇರುವ ಒಬ್ಬ ಡ್ರೈವರು ಇಳಿದು ಕಲ್ಲು ತೆಗೆಯಲು ಹೋದರೆ ಕ್ಲಚ್ಚು ಬ್ರೇಕು ಯಾರು ಹಿಡಿಯಬೇಕು? ಹಾಗಾಗಿ ಕಲ್ಲು ಅಲ್ಲೇ ಉಳಿಯುತ್ತದೆ.

ಡ್ರೈವರುಗಳೆಲ್ಲ ಪಾಪದವರು ಅಂತೇನೂ ನಾನು ಹೇಳುತ್ತಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳಬರು ಹೇಳುತ್ತಾರೆ. ಇವರು ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸುತ್ತಾರೆ. ಎಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಕೊಯನಾಡು ಬರುವಷ್ಟರಲ್ಲಿ ಸುಟ್ಟ ಲೈನರಿನ ವಾಸನೆಗೆ ಹಿಂದಿದ್ದವರು ಮೂಗು ಮುಚ್ಚಬೇಕು. ಇನ್ನು ಇಂಡಿಕೇಟರ್. ಬಲಗಡೆಯದು ಮಿನುಗಿದರೆ ‘ಹೋಗು’ ಅಂತಲೋ, ‘ಹೋಗಬೇಡ’ ಅಂತಲೋ, ‘ನಾನೇ ತಿರುಗುತ್ತೇನೆ’ ಅಂತಲೋ, ಇಲ್ಲ ನಿನ್ನೆ ಹಾಕಿದ್ದು ಮರೆತಿದ್ದಾರೋ, ದೇವರಿಗೇ ಗೊತ್ತು.

ಕಲ್ಲಿನ ಕಥೆಗೆ ಬರೋಣ. ಒಂದು ಶನಿವಾರ ನನ್ನ ಸ್ಕೂಟರ್ ಅದಕ್ಕೆ ಸವರಿ, ಹೆಂಡತಿಯಿಂದ ಬೈಸಿಕೊಂಡು, ನಾನೇ ಅದನ್ನು ಉರುಳಿಸಿ ಚರಂಡಿಗೆ ಹಾಕಿದೆ. ಸಮಾಜಸೇವೆ ಮಾಡಿದ ಹೆಮ್ಮೆಯಿಂದ ಮನೆಗೆ ಹೋದೆ. ಮುಂದಿನ ಗುರುವಾರ ನೋಡುತ್ತೇನೆ, ಅದೇ ತಿರುವಿನಲ್ಲಿ ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಬಂದ ಲಾರಿಯೊಂದು ನಿಂತಿದೆ. ಡ್ರೈವರು ಚಿತ್ರದುರ್ಗದ ಕಡೆಯವರು. ಸೊಂಟಕ್ಕೆ ಟವೆಲ್ ಬಿಗಿದು, ಬಗ್ಗಿ ಬಗ್ಗಿ ಏನನ್ನೋ ಹುಡುಕುತ್ತಿದ್ದರು.

‘ಸಾರ್, ಇಲ್ಲೊಂದು ಕಲ್ಲಿತ್ತಲ್ವಾ? ಹೋದ ಟ್ರಿಪ್ಪಲ್ಲಿ ನೋಡಿದ್ದೆ.’

ಚರಂಡಿ ತೋರಿಸಿದೆ. ಇಬ್ಬರೂ ಸೇರಿ ಎತ್ತಿದೆವು. ಮೆಕ್ಯಾನಿಕ್ ಸುಳ್ಯದಿಂದ ಬರುವವರೆಗೆ ಅವರಿಗೆ ಬೇರೆ ಕೆಲಸವಿರಲಿಲ್ಲ, ನನಗಂತೂ ಇರಲೇ ಇಲ್ಲ. ಓದಿದ್ದನ್ನು ಹೇಳುವ ಚಪಲ ನೋಡಿ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ತೆಗೆದೆ. ‘ದಿನಕ್ಕೆ ಎಂಟು ಗಂಟೆ ಅಂತ ಕಾನೂನಿದೆಯಲ್ಲ ಅಣ್ಣ?’

‘ಇದೆಯಲ್ಲ ಸಾರ್. ಬೆಳಗ್ಗೆ ಎಂಟು, ರಾತ್ರಿ ಎಂಟು.’

2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದು ಆ ಕಾಯ್ದೆ ರದ್ದಾಯಿತು; ಇದ್ದಾಗಲೂ ಅದು ಐದು ಜನ ಕೆಲಸಗಾರರಾದರೂ ಇರುವ ಕಡೆಗೆ ಮಾತ್ರ. ಅವರ ಮಾಲೀಕರಿಗೆ ಇರುವುದೇ ಒಂದು ಲಾರಿ, ಒಬ್ಬ ಡ್ರೈವರು. ಹಾಗಾಗಿ ಅವರು ಎಷ್ಟು ಗಂಟೆ ಓಡಿಸಿದರೂ ಆ ಕಾಯ್ದೆಗೆ ನೋವಾಗುತ್ತಿರಲಿಲ್ಲ. ಸರಿ, ಏಸಿ ವಿಷಯ ಎತ್ತಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ. ಒಳ್ಳೆಯದೇ, ಬಯಲುಸೀಮೆಯ ಬೇಸಿಗೆಯಲ್ಲಿ ಕ್ಯಾಬಿನ್ ಅಂದರೆ ಬೇಕರಿಯ ಒಲೆ. ಅವರು ತಮ್ಮ ಹಳೇ ಗಾಡಿಯ ಕಿಟಕಿ ತೋರಿಸಿದರು. ಗಾಜು ಮೇಲೆ ಹೋಗುವುದಿಲ್ಲ, ರಟ್ಟು ಸಿಕ್ಕಿಸಿದ್ದಾರೆ. ಅದರ ಸಂದಿಯಿಂದ ಕೊಡಗಿನ ಮಂಜು ಪುಕ್ಕಟೆಯಾಗಿ ಒಳಗೆ ಬರುತ್ತಿತ್ತು. ‘ಏಸಿ ಇದೆ ಸಾರ್. ಗಾಡಿ ನಿಲ್ಲಿಸಿ ಮಲಗೋಕೆ ಜಾಗ ಕೊಡಿ ಸಾಕು.’

ಜಾಗ! ಘಾಟಿಯಲ್ಲಿ ನಾನು ನೋಡಿದ ಮಟ್ಟಿಗೆ ರಸ್ತೆ ಒಂಚೂರು ಅಗಲವಾದಲ್ಲೆಲ್ಲ ಕಾರು ನಿಂತಿರುತ್ತದೆ. ಅದರ ಮುಂದೆ ಮದುವೆಗೆ ಮುಂಚಿನ ಫೋಟೋ, ಮೇಲೆ ಡ್ರೋನ್, ಪಕ್ಕದಲ್ಲಿ ಮ್ಯಾಗಿ. ಸೆಲ್ಫಿಗೆ ಜಾಗವಿದೆ, ನಿದ್ದೆಗಿಲ್ಲ. ಲಾರಿ ನಿಂತರೆ ಹತ್ತು ನಿಮಿಷಕ್ಕೆ ಲಾಠಿಯಿಂದ ಬಾಗಿಲು ಬಡಿಯುತ್ತಾರೆ, ‘ತೆಗಿ, ತೆಗಿ’. ತೂಕಡಿಸುತ್ತಿದ್ದವರು ಎದ್ದು ಅದೇ ತೂಕಡಿಕೆಯಲ್ಲಿ ಮುಂದಿನ ತಿರುವಿಗೆ ಹೋಗುತ್ತಾರೆ. ಆಮೇಲೆ ಏನಾದರೂ ಆದರೆ ಕಾರಣ ಚಾಲಕನ ನಿರ್ಲಕ್ಷ್ಯ.

ಮಳೆಗಾಲದ ಆಟ ಇನ್ನೊಂದು. ಮರದ ಲಾರಿಗೆ ನಿಷೇಧ, ಮರಳಿನ ಲಾರಿಗೆ ನಿಷೇಧ. ಶಿರಾಡಿ ಕುಸಿದರೆ ಸಂಪಾಜೆಗೆ ಹೋಗಿ, ಸಂಪಾಜೆ ಬಿರುಕು ಬಿಟ್ಟರೆ ಚಾರ್ಮಾಡಿಗೆ ಹೋಗಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡವೇ ಇಳಿದು ಜೀವಗಳು ಹೋದವು, ಆ ನೋವಿನ ಮೇಲೆ ತಮಾಷೆ ಮಾಡಲಾರೆ. 2024ರ ಜುಲೈಯಲ್ಲಿ ಕರ್ತೋಜಿ ಬಳಿ ರಸ್ತೆ ಬಿರುಕು ಬಿಟ್ಟಾಗ ರಾತ್ರಿ ಓಡಾಟ ನಿಲ್ಲಿಸಿದ್ದೂ ಸರಿಯೇ. ಆದರೆ ಆ ರಾತ್ರಿ ತಡೆದ ಲಾರಿಗಳು ಎಲ್ಲಿ ನಿಲ್ಲಬೇಕು, ಡ್ರೈವರು ಎಲ್ಲಿ ಮಲಗಬೇಕು, ಎಲ್ಲಿ ಕಕ್ಕಸಿಗೆ ಹೋಗಬೇಕು ಅಂತ ಯಾವ ಆದೇಶದಲ್ಲೂ ಒಂದು ಸಾಲು ನಾನು ಓದಿಲ್ಲ.

ಸಂಜೆಗೆ ಮೆಕ್ಯಾನಿಕ್ ಬಂದ. ಹೊರಡುವ ಮುಂಚೆ, ‘ಅಣ್ಣ, ಹೋಗುವಾಗ ಕಲ್ಲು ಪಕ್ಕಕ್ಕೆ ಹಾಕಿ, ಮರೀಬೇಡಿ’ ಅಂದೆ. ‘ಖಂಡಿತ ಸಾರ್’ ಅಂದರು, ಎದೆ ಮುಟ್ಟಿಕೊಂಡು.

ಮೊನ್ನೆ ಆ ದಾರಿಯಲ್ಲಿ ಹೋದೆ. ಈಗ ಎರಡು ಕಲ್ಲುಗಳಿವೆ.