ಬೇಡ ಎನ್ನಲು ಕಲಿತ ನಾಯಿ

ಕ್ಯಾಲಿಫೋರ್ನಿಯಾದಲ್ಲಿದ್ದ ವರ್ಷಗಳಲ್ಲಿ ನಾನು ಕಣ್ಣು ಕಾಣದವರ ನೆರವಿಗೆಂದು ಎರಡು ಮಾರ್ಗದರ್ಶಿ ನಾಯಿಮರಿಗಳನ್ನು ಸಾಕಿ ಬಿಟ್ಟುಕೊಟ್ಟಿದ್ದೇನೆ. ಚಿತ್ರದುರ್ಗಕ್ಕೆ ಮರಳಿದ ಮೇಲೆ ಈ ವಿಷಯ ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ಅಕ್ಕರೆಯಿಂದ ಸಾಕಿದ ಮೇಲೆ ಕೊಡಲು ಮನಸ್ಸಾದರೂ ಹೇಗೆ ಬಂತು?" ಮನಸ್ಸು ಬರಲಿಲ್ಲ. ಎರಡನೆಯದನ್ನು ಬಿಟ್ಟುಬಂದ ಮೇಲೆ ಕಾರಿನ ಹಿಂದಿನ ಸೀಟಿಗೆ ಅಂಟಿದ್ದ ಅದರ ಕೂದಲನ್ನು ತಿಂಗಳುಗಟ್ಟಲೆ ತೆಗೆಯಲಿಲ್ಲ. ಆದರೂ ಕೊಟ್ಟೆ. ಆ ಕಥೆಯನ್ನು ಇವತ್ತು ಪೂರ್ತಿಯಾಗಿ ಹೇಳಬೇಕೆನಿಸಿದೆ.

ಮರಿ ಮನೆಗೆ ಬರುವಾಗ ಅದಕ್ಕೆ ಸುಮಾರು 8 ವಾರ. ಹಿಂತಿರುಗಿಸುವಾಗ ವರ್ಷ ದಾಟಿರುತ್ತದೆ. ದಾರಿ ತೋರಿಸುವ ವಿದ್ಯೆಯನ್ನು ಕಲಿಸುವುದು ಸಾಕುವವರ ಕೆಲಸವಲ್ಲ, ಅದು ತರಬೇತಿ ಶಾಲೆಯವರದು. ನಮ್ಮ ಪಾಲಿನದು ಲೋಕವನ್ನು ಪರಿಚಯಿಸುವ ಕೆಲಸ: ಲಿಫ್ಟು, ಬಸ್ಸು, ಮಳೆ, ಜನಜಂಗುಳಿ, ಗಾಲಿಕುರ್ಚಿ, ಅಳುವ ಮಗು. ಹೇಳಿದಾಗ, ತೋರಿಸಿದ ಜಾಗದಲ್ಲಿಯೇ ಮೂತ್ರ ಮಾಡುವುದನ್ನೂ ರೂಢಿ ಮಾಡಿಸಬೇಕು. ಚೆಂಡು ಎಸೆದು ಆಡಿಸುವಂತಿರಲಿಲ್ಲ. ನಾಳೆ ರಸ್ತೆಯಲ್ಲಿ ಯಾರದೋ ಚೆಂಡು ಉರುಳಿದರೆ ಹಿಂದೆ ಓಡಬಾರದಲ್ಲ. ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ ಕೆಳಗೆ ಬಿದ್ದ ತಿನಿಸಿಗೆ ಬಾಯಿ ಹಾಕದಿರುವುದು, ಲ್ಯಾಬ್ರಡಾರ್‌ಗಂತೂ ಅದು ತಪಸ್ಸೇ ಸರಿ. ಒಮ್ಮೆ ಹೋಟೆಲಿನಲ್ಲಿ ನನ್ನ ಮೊದಲ ಮರಿಯ ಮೂಗಿನಿಂದ ಗೇಣು ದೂರಕ್ಕೆ ಕರಿದ ಆಲೂಗಡ್ಡೆಯ ಒಂದು ತುಂಡು ಬಿತ್ತು. ಮೇಜಿನಡಿ ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿದ್ದ ಅದು ತುಂಡನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ತುಂಡನ್ನು ನೋಡಿತು. ಜೊಲ್ಲು ಎಳೆಯಾಗಿ ಇಳಿದು ಟೈಲ್ಸಿನ ಮೇಲೆ ಸಣ್ಣ ಹೊಂಡವಾಯಿತು. ನಮ್ಮ ಊಟ ಮುಗಿಯುವವರೆಗೂ ಅದು ಅಲುಗಲಿಲ್ಲ. ಆಗ ಅದಕ್ಕೆ 7 ತಿಂಗಳು.

ಆ ಮರಿ ಚರ್ಮದ ಅಲರ್ಜಿಯಿಂದಾಗಿ ಮಾರ್ಗದರ್ಶಿ ಆಗಲಿಲ್ಲ. ಎಲ್ಲ ಮರಿಗಳೂ ಆಗುವುದಿಲ್ಲ. ಎರಡನೆಯದು ಆಯಿತು.

ಶಾಲೆಯವರು ನಾಯಿಯನ್ನು ಅದರ ಹೊಸ ಒಡತಿಗೆ ಒಪ್ಪಿಸಿದ ದಿನ ನಮ್ಮನ್ನೂ ಕರೆದಿದ್ದರು. ಸಮಾರಂಭ ಮುಗಿದ ಮೇಲೆ ಆಕೆಯ ಜೊತೆ ಸ್ವಲ್ಪ ದೂರ ನಡೆದೆ. ವಾಹನ ನಿಲ್ದಾಣವೊಂದರ ಬಾಯಿ ಎದುರಾಯಿತು. ಆಕೆ ನಿಂತು, ಕಿವಿಗೊಟ್ಟು, ಸದ್ದಿಲ್ಲವೆಂದು ಖಚಿತ ಮಾಡಿಕೊಂಡು "ಫಾರ್ವರ್ಡ್" ಎಂದರು. ನಾಯಿ ಹೆಜ್ಜೆ ಎತ್ತಲಿಲ್ಲ. ಆಕೆ ಮತ್ತೊಮ್ಮೆ ಹೇಳಿದರು. ನಾಯಿ ತನ್ನ ಮೈಯನ್ನೇ ಆಕೆಯ ಮೊಣಕಾಲಿಗೆ ಅಡ್ಡ ತಂದು ನಿಲ್ಲಿಸಿತು. ಒಳಗಿನಿಂದ ಎಲೆಕ್ಟ್ರಿಕ್ ಕಾರೊಂದು ಸದ್ದೇ ಇಲ್ಲದೆ ಜಾರಿಕೊಂಡು ಹೊರಬಂತು. ನನ್ನ ಅಂಗೈ ಬೆವರಿತ್ತು. ಆಕೆ ಬಾಗಿ ನಾಯಿಯ ಕಿವಿಯ ಹಿಂದೆ ಒಮ್ಮೆ ಸವರಿ ಮುಂದೆ ನಡೆದರು.

ಇದನ್ನು ತರಬೇತುದಾರರು ಬುದ್ಧಿವಂತ ಅವಿಧೇಯತೆ ಎಂದು ಕರೆಯುತ್ತಾರೆ. ನಾಯಿಯೇ ಕರೆದುಕೊಂಡು ಹೋಗಿ ಸೇರಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ದಾರಿ ಗೊತ್ತಿರಬೇಕಾದದ್ದು ಮನುಷ್ಯರಿಗೆ. ನಾಯಿಯ ಕಣ್ಣು ಸಿಗ್ನಲ್ ದೀಪದ ಕೆಂಪು ಹಸಿರುಗಳನ್ನು ಸರಿಯಾಗಿ ಬೇರ್ಪಡಿಸಲಾರದು. ವಾಹನಗಳ ಸದ್ದು ಕೇಳಿ ಯಾವಾಗ ದಾಟಬೇಕೆಂದು ತೀರ್ಮಾನಿಸುವವರೂ ಮನುಷ್ಯರೇ. ಆ ತೀರ್ಮಾನ ತಪ್ಪಾದಾಗ ಅದನ್ನು ಮೀರುವ ಧೈರ್ಯ ನಾಯಿಗೆ ಇರಬೇಕು. ಹೇಳಿದ್ದನ್ನೆಲ್ಲ ಕೇಳುವ ನಾಯಿ ಈ ಕೆಲಸಕ್ಕೆ ಬಾರದು.

ಹೈಸ್ಕೂಲಿನಿಂದಲೂ ವೈಜ್ಞಾನಿಕ ಕಥೆಗಳೆಂದರೆ ನನಗೆ ಪ್ರಾಣ. ವಾರಪತ್ರಿಕೆ ಬಂದೊಡನೆ ಅಣ್ಣನ ಕೈಯಿಂದ ಕಸಿದುಕೊಂಡು ತಾರಸಿ ಹತ್ತುತ್ತಿದ್ದೆ. 1942ರಲ್ಲಿ ಐಸಾಕ್ ಅಸಿಮೋವ್ ತಮ್ಮ ಕಥೆಯೊಂದರಲ್ಲಿ ರೋಬೋಗಳಿಗೆ ಮೂರು ನಿಯಮಗಳನ್ನು ಹಾಕಿಕೊಟ್ಟರು. ಅದರಲ್ಲಿ ಎರಡನೆಯದು: ಮನುಷ್ಯ ಹೇಳಿದ್ದನ್ನು ಕೇಳಬೇಕು, ಆದರೆ ಅದರಿಂದ ಮನುಷ್ಯನಿಗೇ ಹಾನಿಯಾಗುವಂತಿದ್ದರೆ ಕೇಳಬಾರದು. ಹುಡುಗಿಯಾಗಿದ್ದಾಗ ಇದು ಬರಲಿರುವ ಕಾಲದ ಮಾತು ಎಂದುಕೊಂಡಿದ್ದೆ. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲೇ ಮಾರ್ಗದರ್ಶಿ ನಾಯಿಗಳ ಶಾಲೆ ಆರಂಭವಾಗಿತ್ತು. ಅಮೆರಿಕದ 'ಸೀಯಿಂಗ್ ಐ' ಶಾಲೆ 1929ರದು. ಕಥೆಯ ರೋಬೋ ಹುಟ್ಟುವ ಮೊದಲೇ ನಾಯಿಗಳು ಆ ನಿಯಮದಂತೆ ಬದುಕುತ್ತಿದ್ದವು.

ಯಂತ್ರಗಳ ಬಗ್ಗೆ ನನಗೆ ಅಸಡ್ಡೆಯಿಲ್ಲ. ನಮ್ಮ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯುಳ್ಳ ವಾಹನವನ್ನು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ, ಒಳಗೆ ಯಾರೂ ಇಲ್ಲದ ಅದು ತಾನಾಗಿಯೇ ರನ್‌ವೇಗೆ ಬಂದಿಳಿಯಿತು. 2024ರ ಮಾರ್ಚ್‌ನಲ್ಲಿ ಪುಷ್ಪಕ್ ಎಂಬ ಇಂಥದೇ ವಾಹನವನ್ನು ಬೇಕೆಂದೇ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು, ಜೂನ್‌ನಲ್ಲಿ 500 ಮೀಟರ್. ಎರಡೂ ಸಲ ಅದು ತಿದ್ದಿಕೊಂಡು ಇಳಿಯಿತು. ಸುದ್ದಿ ಓದಿ ನನ್ನ ಕಣ್ಣು ತುಂಬಿತ್ತು, ಕುರಿ ಮೇಯುವ ಬಯಲಿನ ನೆತ್ತಿಯ ಮೇಲೆ ನನ್ನ ಬಾಲ್ಯದ ಕಥೆಗಳು ಹಾರಾಡುತ್ತಿದ್ದವು. ಆದರೂ ಅದು ಒಪ್ಪಿಸಿದ ಕೆಲಸವನ್ನು ಚಾಚೂತಪ್ಪದೆ ಮಾಡುವ ಜಾಣತನ. ನಿಮ್ಮ ಒಳಿತಿಗಾಗಿ ನಿಮ್ಮ ಮಾತನ್ನೇ ಮೀರುವುದು ಬೇರೆ ಜಾತಿಯದು, ನನ್ನ ಮಟ್ಟಿಗೆ ಅದು ಮೇಲಿನದು. ಯಂತ್ರಗಳಿಗೆ ಬುದ್ಧಿ ತುಂಬಲು ಹೊರಟವರು ಆರು ತಿಂಗಳಾದರೂ ಇಂಥ ಮರಿಯೊಂದನ್ನು ಸಾಕಬೇಕು ಎಂದು ಪ್ರಾಮಾಣಿಕವಾಗಿ ನಂಬಿದ್ದೇನೆ.

ನಮ್ಮ ಬೀದಿಯಲ್ಲಿ ಕಣ್ಣು ಕಾಣದ ತರುಣನೊಬ್ಬನಿದ್ದಾನೆ, ಬಿ.ಎ. ಓದುತ್ತಿದ್ದಾನೆ. ಬಿಳಿ ಕೋಲು ಹಿಡಿದು ಗಾಂಧಿ ವೃತ್ತದವರೆಗೆ ಒಬ್ಬನೇ ಹೋಗಿಬರುತ್ತಾನೆ. "ಇಲ್ಲಿ ನನಗೊಂದು ನಾಯಿ ಸಿಕ್ಕರೆ ನಡೆಯುತ್ತದೆಯೇ?" ಎಂದು ಕೇಳಿದ. ಸುಳ್ಳು ಹೇಳಲು ನಾಲಗೆ ಬರಲಿಲ್ಲ. ಫುಟ್‌ಪಾತಿನ ಮೇಲೆ ಬೈಕುಗಳು ನಿಂತಿವೆ, ಚಪ್ಪಡಿ ಕಿತ್ತ ಚರಂಡಿ ಬಾಯಿ ತೆರೆದಿದೆ, ತಿರುವು ತಿರುವಿಗೂ ಬೀದಿನಾಯಿಗಳ ಹಿಂಡಿದೆ. ಹೋಟೆಲಿನ ಬಾಗಿಲಲ್ಲಿ, ಬಸ್ಸಿನ ಮೆಟ್ಟಿಲಲ್ಲಿ ನಾಯಿಗೆ ಜಾಗ ಕೊಡುವವರು ಎಷ್ಟು ಜನ? ಸದ್ಯಕ್ಕೆ ದೆಹಲಿ ಐಐಟಿಯವರು ರೂಪಿಸಿದ ಸ್ಮಾರ್ಟ್‌ಕೇನ್ ಅವನಿಗೆ ಹೆಚ್ಚು ಉಪಯುಕ್ತ ಎಂದೆ. ಮೊಣಕಾಲಿನಿಂದ ಮೇಲೆ ಎದುರಾಗುವ ಅಡ್ಡಿಗಳನ್ನು ಅದು ಕಂಪನದ ಮೂಲಕ ಕೈಗೆ ತಿಳಿಸುತ್ತದೆ. ಆದರೆ ಚರಂಡಿಗೆ ಚಪ್ಪಡಿ ಹಾಕಿಸಲು ಯಾವ ಭವಿಷ್ಯಕಾಲಕ್ಕೂ ಕಾಯಬೇಕಿಲ್ಲ. ಅದಕ್ಕಾಗಿ ನಾವಿಬ್ಬರೂ ಅರ್ಜಿ ಬರೆದುಕೊಟ್ಟಿದ್ದೇವೆ, ಇನ್ನೂ ಬರೆಯುತ್ತೇವೆ.

ಭಾನುವಾರ ಸಂಜೆ ಅವನಿಗೆ ಕಥೆ ಓದಿ ಹೇಳುತ್ತೇನೆ. ಹೋದ ವಾರ ನಾನೇ ಬರೆದದ್ದೊಂದನ್ನು ಓದಿದೆ: ಮಂಗಳ ಗ್ರಹದಲ್ಲಿ ದೂಳು ಕವಿದು ಏನೂ ಕಾಣದಿದ್ದಾಗ ರೋಬೋ ಮನುಷ್ಯನನ್ನು ಕರೆದೊಯ್ಯುತ್ತಿದೆ, ಕಂದಕದ ಅಂಚಿನಲ್ಲಿ ಥಟ್ಟನೆ ನಿಲ್ಲುತ್ತದೆ. ಅಲ್ಲಿ ಅವನು ನನ್ನನ್ನು ತಡೆದ. "ಅದು ನಿಂತದ್ದು ಇವನಿಗೆ ಹೇಗೆ ತಿಳಿಯಿತು ಅಕ್ಕಾ? ಹಿಡಿಕೆಯೇ ಇಲ್ಲವಲ್ಲ."

ಮಾರ್ಗದರ್ಶಿ ನಾಯಿಯ ಬೆನ್ನಿಗೆ ಕಟ್ಟುವ ಹಾರ್ನೆಸ್‌ಗೆ ಬಾಗದ, ಗಟ್ಟಿ ಹಿಡಿಕೆ ಇರುತ್ತದೆ. ನಾಯಿ ಒಂದಿಷ್ಟು ವಾಲಿದರೂ, ಬಿಗಿದುಕೊಂಡರೂ ಅದು ಅಂಗೈಗೆ ಬಂದು ಮುಟ್ಟುತ್ತದೆ. ಇದನ್ನು ಹಿಂದೊಮ್ಮೆ ಅವನಿಗೆ ಹೇಳಿದವಳು ನಾನೇ. ಪೆನ್ನು ತೆಗೆದು ಅಲ್ಲಿಯೇ ಆ ಸಾಲನ್ನು ಹೊಡೆದುಹಾಕಿದೆ. ಈ ಭಾನುವಾರದೊಳಗೆ ತಿದ್ದಿಕೊಡಬೇಕಾಗಿದೆ.